ಹಿಂದಕ್ಕೆ ನಾಲ್ಕು ಎಣಿಕೆ

ಡ್ರೈವಿಂಗ್ ಶಾಲೆಯ ಮುಂದಿನ ಕೋಣೆ,
ಹತ್ತೊಂಬತ್ತನೇ ತಾರೀಖು, ಗುರುವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಸೊಂಟ ಹೇಗಿದೆ? ಗಣಿಯ ಲಾರಿಯ ಚಕ್ರವೇ ಆಳೆತ್ತರ ಇರುತ್ತದಂತೆ, ಏಣಿ ಹತ್ತಿ ಕೂರಬೇಕಂತೆ. ಇಳಿಯುವಾಗ ಹಾರಬೇಡ, ನಿನಗಿನ್ನು ಇಪ್ಪತ್ತರ ಪ್ರಾಯವಲ್ಲ. ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತೀಯೋ, ಇಲ್ಲಾ ಅಣ್ಣ ಕೊಡಿಸಿದ್ದು ಅಂತ ಅದನ್ನೂ ಮೂಲೆಗೆ ಎಸೆದಿದ್ದೀಯೋ? ಊಟ ಸೇರುತ್ತಿದೆ ತಾನೆ? ನಾನು ಚೆನ್ನಾಗಿದ್ದೇನೆ. ನಿನ್ನ ಅತ್ತಿಗೆಯ ಸಕ್ಕರೆ ಕಾಯಿಲೆ ಅವಳ ದನಿಯ ಹಾಗೆ, ಏರಿದ್ದು ಇಳಿಯುವುದಿಲ್ಲ. ಮಿಕ್ಕವರ ಕ್ಷೇಮಸಮಾಚಾರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ, ಮುಂದೆ ಬರುತ್ತದೆ. ನೀನು ಹೋದ ಈ ಐದು ತಿಂಗಳಲ್ಲಿ ನಿನಗೆ ಮೂವತ್ತೊಂದು ಸಲ ಫೋನ್ ಮಾಡಿದ್ದೇನೆ, ನೀನು ಎತ್ತಿದ್ದು ಸೊನ್ನೆ ಸಲ. ಅದಕ್ಕೇ ಈ ಕಾಗದ. ಫೋನನ್ನು ನೋಡಿದ ಕೂಡಲೇ ಕತ್ತರಿಸಬಹುದು. ಕಾಗದವನ್ನು ಹರಿದು ಹಾಕುವವನು ಕೂಡ ಒಂದು ಸಲ ಬಿಚ್ಚಿ ನೋಡುತ್ತಾನೆ. ಅದರಲ್ಲೂ ನೀನು. ಚಿಕ್ಕವನಿದ್ದಾಗ ಪಕ್ಕದ ಮನೆಯವರ ಕಾಗದವನ್ನೂ ಬಿಸಿಲಿಗೆ ಹಿಡಿದು ಓದಿದವನು.

ಅಕ್ಕ ನಿನಗೆ ಬರೆಯುತ್ತಿದ್ದಾಳೆ. ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ. ಅವಳ ಕಾಗದಕ್ಕಿಂತ ಮೊದಲು ನನ್ನದು ನಿನ್ನ ಕೈ ಸೇರಬೇಕು. ಅದಕ್ಕೇ ಮಧ್ಯಾಹ್ನದ ತರಗತಿಯನ್ನು ನಿಲ್ಲಿಸಿ, ಕಲಿಯಲು ಬಂದ ಇಬ್ಬರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಯಾರು ಏನು ಮಾಡಿದರು, ಯಾವುದು ಯಾರ ಪಾಲಿಗೆ ಬರುತ್ತದೆ ಅನ್ನುವುದು ಒಂದು ಕಡೆ ಕ್ರಮವಾಗಿ ಇರಲಿ. ಮುಂದೆ ಮಾತು ಬೆಳೆದರೆ ನೀನು ಒಂದು ಹೇಳಿ ನಾನು ಒಂದು ಹೇಳಬಾರದು.

ಮೊದಲು ದೊಡ್ಡಮ್ಮನ ವಿಷಯ. ಆ ಕಾರಿಗೆ ದೊಡ್ಡಮ್ಮ ಅಂತ ಹೆಸರಿಟ್ಟವನು ನೀನೇ. ಕರೆದ ತಕ್ಷಣ ಏಳುವುದಿಲ್ಲ, ಕೂತಲ್ಲೇ ಎರಡು ಸಲ ಉಸಿರು ಬಿಟ್ಟು, ಮಂಡಿ ಹಿಡಿದುಕೊಂಡು ಏಳುತ್ತಾಳೆ ಅಂತ. ಹಲ್ಲಿನ ಡಾಕ್ಟರು ಹದಿಮೂರು ವರ್ಷ ಓಡಿಸಿ ಬಿಟ್ಟ ಆಟೊಮ್ಯಾಟಿಕ್ ಕಾರನ್ನು ನಾನು ತಂದಾಗ ಊರೆಲ್ಲ ನಕ್ಕಿತು. ಡ್ರೈವಿಂಗ್ ಶಾಲೆಗೆ ಕ್ಲಚ್ ಇಲ್ಲದ ಕಾರು ಯಾಕೆ ಅಂದರು. ಬೇರೆಯವರ ಕಾರು ತೊಳೆದು ದೊಡ್ಡವನಾದ ನನಗೆ ಒಂದು ವಿಷಯ ಗೊತ್ತಿತ್ತು: ಐವತ್ತು ದಾಟಿದವರಿಗೆ ಕಲಿಯುವ ಆಸೆ ಇದೆ, ಮೂರು ಪೆಡಲ್ಲಿಗೆ ಎರಡೇ ಕಾಲು ಅನ್ನುವ ಭಯವೂ ಇದೆ. ಎರಡೇ ಪೆಡಲ್ಲಿನ ಕಾರು ತಂದೆ, ಅವರೆಲ್ಲ ಸಾಲಾಗಿ ಬಂದರು. ನಕ್ಕವರ ಹೆಂಡತಿಯರೂ ಬಂದರು.

ಮುಂದಕ್ಕೆ ಹೋಗಲು ದೊಡ್ಡಮ್ಮನ ತಕರಾರು ಎಂದೂ ಇರಲಿಲ್ಲ. ರಿವರ್ಸಿಗೆ ಹಾಕಿದರೆ ಮಾತ್ರ ಕೇಳಿಸಿಕೊಂಡು, ಯೋಚನೆ ಮಾಡಿ, ಆಮೇಲೆ ಧಡ್ ಅಂತ ಹಿಡಿಯುತ್ತಿದ್ದಳು. ಅಷ್ಟು ಹೊತ್ತು ಆಕ್ಸಿಲರೇಟರ್ ಸ್ವಲ್ಪ ಒತ್ತಿಕೊಂಡೇ ಇರಬೇಕು, ಬಿಟ್ಟರೆ ಹಿಡಿಯುವುದೇ ಇಲ್ಲ. ಬೇಕರಿಯ ಯಜಮಾನಿ ಕಾರು ಸತ್ತೇ ಹೋಯಿತು ಅಂತ ಸ್ಟೇರಿಂಗ್ ಬಿಟ್ಟು ಅಳಲು ಶುರುಮಾಡಿದ ದಿನ, ಪಕ್ಕದಲ್ಲಿ ಕೂತಿದ್ದವನು ನೀನು. ‘ಸತ್ತಿಲ್ಲ ಅಮ್ಮಾ, ಎರಡು ಎಣಿಸಿ, ಬರುತ್ತೆ’ ಅಂದವನು ನೀನು. ಆಕೆ ಎಣಿಸಿದಳು, ಬಂತು. ಆವತ್ತಿನಿಂದ ನೀನು ಎಲ್ಲರಿಗೂ ಹಾಗೇ ಕಲಿಸಿದೆ. ಇದನ್ನು ಯಾಕೆ ಎತ್ತಿ ಹೇಳುತ್ತಿದ್ದೇನೆ ಅಂದರೆ, ಎಣಿಕೆಯ ಬೀಜ ಹಾಕಿದ ಕೈ ನಿನ್ನದು. ನಾನು ನೀರು ಹಾಕಿದೆ, ಅದನ್ನು ಇಲ್ಲ ಅನ್ನುವುದಿಲ್ಲ.

ಎರಡು ಹೋಗಿ ಮೂರಾಯಿತು, ಮೂರು ಹೋಗಿ ನಾಲ್ಕಾಯಿತು. ನೀನು ಹಟ ಹಿಡಿದು ದಪ್ಪ ಕನ್ನಡಕದ ಮೇಸ್ತ್ರಿಯನ್ನು ಕರೆತಂದೆ. ಅವನು ಗೇರ್ ಎಣ್ಣೆಯ ಕಡ್ಡಿ ಎಳೆದು, ಮೂಗಿನ ಹತ್ತಿರ ಹಿಡಿದು, ಹೆಣ ನೋಡಿದವನ ಹಾಗೆ ಮುಖ ಮಾಡಿದ. ಕೆಂಪಗಿರಬೇಕಾದ ಎಣ್ಣೆ ಕಾಫಿ ಗಷ್ಟಿನ ಬಣ್ಣಕ್ಕೆ ತಿರುಗಿತ್ತು. ಗೇರ್ ಪೆಟ್ಟಿಗೆ ಇಳಿಸಬೇಕು, ಒಂದು ತಿಂಗಳು ಗಾಡಿ ನಿಲ್ಲುತ್ತೆ ಅಂದ. ಎಣ್ಣೆ ಒಂದನ್ನೇ ಬದಲಿಸಿದರೆ ಆಗದೇ ಅಂತ ನಾನು ಕೇಳಿದೆ. ‘ಅಯ್ಯೋ, ಅದೊಂದು ಮಾಡ್ಬೇಡಿ ಯಜಮಾನ್ರೇ! ಒಳಗಿನ ಬಿಲ್ಲೆಗಳೆಲ್ಲ ಸವೆದು ಆ ಪುಡಿ ಎಣ್ಣೇಲೇ ಇದೆ. ಆ ಕೊಳೆ ಇರೋದ್ರಿಂದ್ಲೇ ಅಷ್ಟಾದ್ರೂ ಹಿಡೀತಾ ಇದೆ. ಚೊಕ್ಕ ಎಣ್ಣೆ ಹಾಕಿದ್ರೆ ನಾಳೆಗೇ ಜಾರಿ ಸಾಯುತ್ತೆ’ ಅಂದ. ಅವತ್ತಿನಿಂದ ಆ ಮಾತು ನನ್ನ ತಲೆಯಲ್ಲಿ ಕೂತಿದೆ. ಅರವತ್ತು ವರ್ಷದಲ್ಲಿ ನಾನು ಕೇಳಿದ ಬುದ್ಧಿಮಾತುಗಳಲ್ಲಿ ಇಷ್ಟು ಕೆಲಸಕ್ಕೆ ಬಂದದ್ದು ಇನ್ನೊಂದಿಲ್ಲ.

ಪೆಟ್ಟಿಗೆ ಇಳಿಸುವುದು ಬೇಡ ಅಂತ ನಾನು ಅಂದೆ. ನಾಲ್ಕು ಎಣಿಸುವುದನ್ನೇ ಕ್ರಮ ಮಾಡಿಬಿಡೋಣ ಅಂದೆ. ಭಾವನಿಗೆ ಹೇಳಿ ಈ ಕೋಣೆಯ ಗೋಡೆಯ ಮೇಲೆ ಬರೆಸಿದೆ. ನಮ್ಮ ಭಾವನ ಕೈ ಅಂದರೆ ಕೇಳಬೇಕೇ, ಮೂವತ್ತೈದು ವರ್ಷ ಅಂಗಡಿಗಳ ಬೋರ್ಡು ಬರೆದ ಕೈ. ಮೇಲೆ ‘ನಿಧಾನವೇ ಪ್ರಧಾನ’, ಕೆಳಗೆ ಕೆಂಪಕ್ಷರದಲ್ಲಿ ‘ಹಿಂದಕ್ಕೆ: ನಾಲ್ಕು ಎಣಿಸಿ. ಕಾಲು ಆಕ್ಸಿಲರೇಟರ್ ಮೇಲಿರಲಿ. ಧಡ್ ಅನ್ನುವವರೆಗೆ ಕಾಲು ತೆಗೆಯಬೇಡಿ’, ಪಕ್ಕದಲ್ಲಿ ಒಂದು ಕೈಯ ಚಿತ್ರ, ಬೆರಳು ತೋರಿಸುತ್ತ. ಏಣಿಯ ತುದಿಯಲ್ಲಿ ನಿಂತು, ಒಂದು ಕಾಲು ಗಾಳಿಯಲ್ಲಿ ತೂಗಿಸುತ್ತ, ಸಿಳ್ಳೆ ಹಾಕುತ್ತ ಬರೆದ. ಲೈಸೆನ್ಸು ಕೊಡುವ ಸಾಹೇಬರಿಗೂ ನಮ್ಮ ಕಾರಿನಲ್ಲಿ ಕೂತು ಕೂತು ಅಭ್ಯಾಸ ಹಿಡಿಯಿತು. ಬೇರೆ ಶಾಲೆಯ ಹುಡುಗಿಯೊಬ್ಬಳು ಒಳ್ಳೇ ಕಾರು ತಂದು ಸರ್ರಂತ ಹಿಂದಕ್ಕೆ ತೆಗೆದಾಗ, ‘ಎಣಿಸೋ ಪದ್ಧತಿ ಇಲ್ವೇನಮ್ಮಾ ನಿಮ್ಮಲ್ಲಿ, ಏನಿಷ್ಟು ಅವಸರ?’ ಅಂತ ಆಕೆಯ ಅಂಕ ಕತ್ತರಿಸಿದರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನೀನು ನಗಲಿಲ್ಲ. ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟು, ‘ನಾವು ಕಾರು ಕಲಿಸ್ತಾ ಇಲ್ಲ ಅಣ್ಣಾ, ಕಾರಿನ ಕಾಯಿಲೆ ಕಲಿಸ್ತಾ ಇದೀವಿ’ ಅಂದೆ. ಮಾತು ಚೆನ್ನಾಗಿತ್ತು. ಚೆನ್ನಾದ ಮಾತಿನಿಂದ ಶಾಲೆಯ ಬಾಗಿಲು ತೆರೆದಿಡಲು ಆಗುವುದಿಲ್ಲ ಅಂತ ನಾನು ಅಂದೆ. ನೀನು ಕೆಲಸ ಬಿಡುತ್ತೇನೆ ಅಂದೆ.

ಆದರೆ ಹೊರಡುವ ಮುನ್ನ ಹದಿನೈದು ದಿನ ಕಾದೆ, ಅಕ್ಕನ ಲೈಸೆನ್ಸಿನ ಪರೀಕ್ಷೆ ಮುಗಿಯಲಿ ಅಂತ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತು ವರ್ಷ ಹರಕು ಹೊಲಿದು, ಗುಂಡಿ ಹಾಕಿ ನಿವೃತ್ತಳಾದವಳಿಗೆ, ಹುಟ್ಟಿದ ಮೇಲೆ ತನಗಂತ ಪಟ್ಟ ಆಸೆ ಇದೊಂದೇ. ಅಮ್ಮ ಹೋದ ಮೇಲೆ ನನಗೂ ನಿನಗೂ ಎಣಿಸಲು ಕಲಿಸಿದವಳು ಅವಳು, ಗುಂಡಿಯ ಡಬ್ಬಿಯನ್ನು ನೆಲಕ್ಕೆ ಸುರಿದು. ನೀನು ಮೂರಾದ ಮೇಲೆ ಐದು ಅನ್ನುತ್ತಿದ್ದೆ, ತಲೆಗೆ ಮೊಟಕುತ್ತಿದ್ದಳು. ಅವಳಿಗೆ ನೀನು ನಾಲ್ಕು ಎಣಿಸುವುದನ್ನು ಕಲಿಸಿದೆ, ಮೊಟಕಲಿಲ್ಲ, ಅಷ್ಟೇ ವ್ಯತ್ಯಾಸ. ಇನ್ನೂರಹದಿನಾರು ಜನ ಕಲಿತ ಶಾಲೆಯಲ್ಲಿ ಅವಳಷ್ಟು ನಿಷ್ಠೆಯಿಂದ ಎಣಿಸಿದವರಿಲ್ಲ. ಬಸ್ಸು ಹತ್ತುವಾಗ ನೀನು ನನಗೊಂದು ಕೆಲಸ ಒಪ್ಪಿಸಿದೆ. ‘ಅಕ್ಕ ಹೊಸ ಕಾರು ತಗೊಂಡ ದಿನ ಹೇಳಣ್ಣಾ, ಆ ಎಣಿಕೆ ದೊಡ್ಡಮ್ಮನಿಗೆ ಮಾತ್ರ ಅಂತ. ಮರೀಬೇಡ.’ ನೀನೇ ಹೇಳಬಹುದಿತ್ತು. ಹದಿನೈದು ದಿನ ಅವಳ ಪಕ್ಕದಲ್ಲೇ ಕೂತಿದ್ದೆ. ಅವಳ ಸಂತೋಷ ನೋಡಿ ನಿನಗೆ ಬಾಯಿ ಬರಲಿಲ್ಲ, ನನ್ನ ಹೆಗಲಿಗೆ ಹಾಕಿದೆ. ಇದನ್ನೂ ನಿನ್ನ ಪಾಲಿಗೆ ಹಿಡಿದಿದ್ದೇನೆ.

ಇನ್ನು ನನ್ನ ಪಾಲು. ನಾನು ಮರೆಯಲಿಲ್ಲ. ಮುಂದಕ್ಕೆ ಹಾಕಿದೆ. ಅಕ್ಕನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ನಿನಗೂ ಗೊತ್ತು. ಸಂಜೆಯೊಳಗೆ ಹಾಲಿನವನಿಗೆ, ಬೇಕರಿಯ ಯಜಮಾನಿಗೆ, ಸಾಹೇಬರ ಹೆಂಡತಿಗೆ ಎಲ್ಲ ತಲುಪುತ್ತಿತ್ತು, ನಮ್ಮ ಶಾಲೆಯದು ಕೆಟ್ಟ ಕಾರು, ಕಲಿಸಿದ್ದು ತಪ್ಪು ಪಾಠ ಅಂತ. ಹೇಗೆ ಹೇಳಿದರೆ ಅವಳಿಗೆ ತಿಳಿದೂ ಊರಿಗೆ ತಿಳಿಯದೆ ಇರುತ್ತದೆ ಅಂತ ಮಾತು ಹೊಂದಿಸುತ್ತಿದ್ದೆ. ಹಿಂದಿನ ತಿಂಗಳು ಇಪ್ಪತ್ತಾರಕ್ಕೆ ಕಾರು ಬಂತು. ಬೆಳಿಗ್ಗೆ ಹತ್ತಕ್ಕೆ ಅಂಗಡಿಯವರು ತಂದು, ಮೂತಿ ಮನೆಯ ಕಡೆ ಮಾಡಿ ಅಂಗಳದಲ್ಲಿ ನಿಲ್ಲಿಸಿ ಹೋದರು. ನಾನು ಅಕ್ಕನ ಮನೆಯ ಜಗಲಿಯಲ್ಲಿದ್ದೆ, ಕೈಯಲ್ಲಿ ಕಾಫಿ. ಕಾಫಿ ಮುಗಿಸಿ ಹೇಳೋಣ ಅಂದುಕೊಂಡೆ. ಅಕ್ಕ ಹೊಸ ಸೀರೆ ಉಟ್ಟು ಸೀದಾ ಹೋಗಿ ಕೂತಳು. ಭಾವ ಕಾರಿನ ಹಿಂದುಗಡೆ ಕಾಂಪೌಂಡ್ ಗೋಡೆಯ ಪಕ್ಕ ಗೇಟು ತೆರೆದು, ದೊಡ್ಡ ಲಾರಿ ತೆಗೆಸುವವನ ಹಾಗೆ ಕೈ ಬೀಸಿ, ‘ಬರ್ಲಿ, ಬರ್ಲಿ, ಮಹಾರಾಣಿ ಸವಾರಿ ಬರ್ಲಿ’ ಅನ್ನುತ್ತಿದ್ದ. ಕಿಟಕಿ ಇಳಿಸಿತ್ತು. ರಿವರ್ಸಿಗೆ ಹಾಕಿದಳು, ಕಾಲನ್ನು ಬ್ರೇಕಿನಿಂದ ತೆಗೆದು ಆಕ್ಸಿಲರೇಟರ್ ಮೇಲಿಟ್ಟಳು, ‘ಒಂದು’ ಅಂದಳು. ನನಗೆ ಕೇಳಿಸಿತು. ಎರಡು ಅನ್ನಲು ಸಮಯವಿರಲಿಲ್ಲ. ಹೊಸ ಕಾರು ತಮ್ಮಾ, ಹೇಳಿದ ಮಾತು ಮುಗಿಯುವುದರೊಳಗೆ ಕೇಳುವಂಥದ್ದು. ನೆಗೆಯಿತು. ಬೇರೆ ಯಾರಾದರೂ ಹೆದರಿ ಕಾಲು ಎತ್ತುತ್ತಿದ್ದರು. ನಮ್ಮ ಅಕ್ಕ ಎತ್ತಲಿಲ್ಲ. ಧಡ್ ಅನ್ನುವವರೆಗೆ ತೆಗೆಯಬಾರದು ಅಂತ ಪಾಠ. ಧಡ್ ಅಂತು. ತೆಗೆದಳು. ಪಾಠದಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಭಾವನ ಬಲಗಾಲನ್ನು ಮಂಡಿಯ ಮೇಲಕ್ಕೆ ತೆಗೆದರು. ಎಡಗಾಲಿನಲ್ಲಿ ಕಬ್ಬಿಣದ ಸರಳು ಇದೆ, ಅದು ಇದ್ದೂ ಇಲ್ಲದ ಲೆಕ್ಕ. ನಿನಗೆ ಯಾರೂ ತಿಳಿಸದೆ ಇದ್ದದ್ದಕ್ಕೆ ಕಾರಣ ನಾನು. ದೂರದಲ್ಲಿದ್ದಾನೆ, ಭಾರಿ ಗಾಡಿ ಓಡಿಸುವವನು, ಕೈ ನಡುಗಬಾರದು ಅಂತ ಬೇಡ ಅಂದೆ. ಎಲ್ಲರೂ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಭಾವ ಆಸ್ಪತ್ರೆಯಲ್ಲೂ ತಮಾಷೆ ಬಿಡಲಿಲ್ಲ. ಎಚ್ಚರವಾದ ಎರಡನೇ ದಿನ ನನ್ನನ್ನು ಹತ್ತಿರ ಕರೆದು, ‘ಚಪ್ಪಲಿ ಅಂಗಡಿಯವನನ್ನ ಕೇಳೋ, ಒಂದೇ ಕಾಲಿಂದು ಕೊಡ್ತಾನಾ, ಇನ್ನೊಂದನ್ನ ನೀನಿಟ್ಕೋ’ ಅಂದ. ಅಕ್ಕ ಮಂಚದ ಆ ಕಡೆ ನಿಂತಿದ್ದಳು. ಭಾವನ ಹೊದಿಕೆಯ ಅಂಚನ್ನು ಗುಂಡಿ ಹುಡುಕುವವಳ ಹಾಗೆ ತಡವುತ್ತಿದ್ದಳು.

ಪೊಲೀಸಿನವರು ಬಂದರು. ವಯಸ್ಸಾದ ಹೆಂಗಸು, ಹೊಸ ಗಾಡಿ, ಬ್ರೇಕ್ ಅಂತ ತಿಳಿದು ಆಕ್ಸಿಲರೇಟರ್ ಒತ್ತಿದ್ದಾಳೆ ಅಂತ ಅವರೇ ಬರೆದುಕೊಂಡರು. ನಾನು ತಿದ್ದಲಿಲ್ಲ. ತಿದ್ದಲಿಲ್ಲ ಅಷ್ಟೇ ಅಲ್ಲ, ಆಸ್ಪತ್ರೆಯ ವರಾಂಡದಲ್ಲಿ ನೆಂಟರೆಲ್ಲ ಸೇರಿದ್ದಾಗ, ‘ಈ ವಯಸ್ಸಲ್ಲಿ ನಿನಗೆ ಕಾರು ಯಾಕೆ ಬೇಕಿತ್ತಕ್ಕಾ’ ಅಂತ ಮೊದಲು ಅಂದವನು ನಾನೇ. ಅಲ್ಲಿಯವರೆಗೆ ಯಾರಿಗೂ ಏನು ಅನ್ನಬೇಕು ಅಂತ ತಿಳಿದಿರಲಿಲ್ಲ. ನಾನು ಅಂದ ಮೇಲೆ ಎಲ್ಲರಿಗೂ ತಿಳಿಯಿತು. ‘ನಾನು ತಪ್ಪು ಒತ್ಲಿಲ್ವೋ, ಎಣಿಸ್ತಾ ಇದ್ದೆ’ ಅಂತ ಅವಳು ಮೂರು ಸಲ ಹೇಳಿದಳು. ‘ಗಾಬ್ರೀಲಿ ನೆನಪು ನಿಲ್ಲಲ್ಲಕ್ಕಾ’ ಅಂತ ನಾನೂ ಮೂರು ಸಲ ಹೇಳಿದೆ. ನಾಲ್ಕನೇ ಸಲ ಅವಳು ಹೇಳಲಿಲ್ಲ.

ಈಗ ಮನೆಯಲ್ಲಿ ಅವಳ ಕೈಗೆ ಯಾರೂ ಏನೂ ಕೊಡುವುದಿಲ್ಲ. ಅವಳ ಮಗಳು ಬಂದು ಇದ್ದಾಳೆ. ಅಡುಗೆಮನೆಗೆ ಬಿಡುವುದಿಲ್ಲ, ಮಗುವನ್ನು ಎತ್ತಿಕೊಳ್ಳಲು ಹೋದರೆ ‘ಬೇಡಮ್ಮಾ, ನೀನು ಕೂತ್ಕೋ’ ಅಂತ ತಪ್ಪಿಸುತ್ತಾಳೆ. ಮೆತ್ತಗೇ ಹೇಳುತ್ತಾಳೆ, ಅದು ಇನ್ನೂ ಚುಚ್ಚುತ್ತದೆ. ಅಕ್ಕ ವಾದ ಮಾಡುವುದಿಲ್ಲ. ಲೋಟ ಎತ್ತುವ ಮೊದಲು, ಬಾಗಿಲು ನೂಕುವ ಮೊದಲು, ಭಾವನನ್ನು ಮಂಚದಿಂದ ಇಳಿಸುವ ಮೊದಲು ಅವಳ ತುಟಿ ಅಲುಗಾಡುತ್ತದೆ. ಹತ್ತಿರ ಹೋಗಿ ಕೇಳಿದೆ. ನಾಲ್ಕರವರೆಗೆ ಎಣಿಸುತ್ತಾಳೆ. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಸೇರಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಮೊನ್ನೆ ಅಳಿಯ ಆ ಹೊಸ ಕಾರನ್ನು ತೊಳೆಸಲು ತೆಗೆದ. ಅಕ್ಕ ಕಿಟಕಿಯಲ್ಲಿ ನಿಂತಿದ್ದಳು. ರಿವರ್ಸಿಗೆ ಹಾಕಿದ, ಕಾಲು ಬ್ರೇಕಿನ ಮೇಲೇ ಇಟ್ಟು ಮೆಲ್ಲಗೆ ಸಡಿಲಿಸಿದ, ಕಾರು ನೀರಿನ ಹಾಗೆ ಹಿಂದೆ ಸರಿಯಿತು. ಎಣಿಕೆಯೂ ಇಲ್ಲ, ಧಡ್ಡೂ ಇಲ್ಲ. ಸಂಜೆ ನಾನು ಹೋದಾಗ ನನ್ನನ್ನು ಬಟ್ಟೆ ಒಣಗಿಸುವ ಜಾಗಕ್ಕೆ ಕರೆದುಕೊಂಡು ಹೋಗಿ, ‘ಅವನು ಎಣಿಸಲೇ ಇಲ್ವಲ್ಲೋ?’ ಅಂತ ಕೇಳಿದಳು. ನನ್ನ ಬಾಯಿ ನನ್ನನ್ನು ಯಾವತ್ತು ಕೈ ಬಿಟ್ಟಿದೆ? ‘ಎಣಿಸ್ದೆ ಇರ್ತಾನಾ? ಪಳಗಿದವರು ಮನಸ್ಸಲ್ಲೇ ಎಣಿಸ್ತಾರಕ್ಕಾ’ ಅಂದೆ. ನನ್ನ ಮುಖವನ್ನೇ ತುಂಬ ಹೊತ್ತು ನೋಡಿದಳು. ಗುಂಡಿ ಕದ್ದ ದಿನ ಹೀಗೇ ನೋಡಿದ್ದಳು, ನೆನಪಿದೆಯಾ, ನಾನು ಕದ್ದು ನಿನ್ನ ಜೇಬಿನಲ್ಲಿಟ್ಟ ದಿನ. ಆಮೇಲೆ, ‘ಸಣ್ಣೋನ ವಿಳಾಸ ಕೊಡು. ಕಲಿಸಿದವನು ಅವನು. ಅವನನ್ನೇ ಕೇಳ್ತೀನಿ’ ಅಂದಳು. ಕೊಡದಿದ್ದರೆ ಅನುಮಾನ ಬಲಿಯುತ್ತಿತ್ತು. ಕೊಟ್ಟೆ. ಪಿನ್‌ಕೋಡಿನ ಅಂಕಿಗಳಲ್ಲಿ ಒಂದನ್ನು ಮಾತ್ರ ತಪ್ಪು ಬರೆದೆ. ಕಾಗದ ಬೇರೆ ಊರು ಸುತ್ತಿ ನಿನ್ನನ್ನು ಮುಟ್ಟುವ ಹೊತ್ತಿಗೆ ನಾಲ್ಕು ದಿನ ತಡ. ಆ ನಾಲ್ಕು ದಿನದೊಳಗೆ ನನ್ನ ಕಾಗದ ನಿನ್ನ ಮುಂದೆ ಇರುತ್ತದೆ.

ಯೋಚನೆ ಮಾಡು. ನಿಜ ಹೇಳಿದರೆ ಭಾವನ ಕಾಲು ಚಿಗುರುವುದಿಲ್ಲ. ಶಾಲೆ ಮುಚ್ಚುತ್ತದೆ, ಸಾಹೇಬರು ಸಿಕ್ಕಿಬೀಳುತ್ತಾರೆ, ಇನ್ನೂರಹದಿನಾರು ಮನೆಗಳಲ್ಲಿ ನಮ್ಮಿಬ್ಬರ ಹೆಸರು ಹಿಡಿದು ಶಾಪ ಹಾಕುತ್ತಾರೆ. ಕಲಿಸಿದವನು ನೀನು, ಬರೆಸಿದವನು ನಾನು, ಅಕ್ಕ ಇಬ್ಬರನ್ನೂ ಒಂದೇ ದಿನ ಕಳೆದುಕೊಳ್ಳುತ್ತಾಳೆ. ಈಗ ಅವಳಿಗೆ ತನ್ನ ಮೇಲಿನ ನಂಬಿಕೆ ಮಾತ್ರ ಹೋಗಿದೆ, ತಮ್ಮಂದಿರ ಮೇಲಿನದು ಇದೆ. ಮೇಸ್ತ್ರಿ ಹೇಳಿದ್ದು ನೆನಪಿಟ್ಟುಕೋ. ಸವೆದ ಪೆಟ್ಟಿಗೆಗೆ ಚೊಕ್ಕ ಎಣ್ಣೆ ಹಾಕಬಾರದು. ಕೊಳೆಯೇ ಹಿಡಿದುಕೊಂಡಿದೆ, ಹಿಡಿದುಕೊಂಡಿರಲಿ.

ಹೊರಗಿನ ಬೆಂಚಿನವರು ಕೆಮ್ಮುತ್ತಿದ್ದಾರೆ, ಏಳಬೇಕು. ಹೊಟ್ಟೆ ತುಂಬ ಉಣ್ಣು, ಬೆನ್ನು ತಣ್ಣಗಾಗಲು ಬಿಡಬೇಡ, ಗಣಿಯ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೋ. ನೂರು ಕಾಲ ಬಾಳು. ಅತ್ತಿಗೆ ಕೇಳಿದಳು ಅಂತ ಬರೆಯಲು ಹೇಳಿದ್ದಾಳೆ, ಬರೆದಿದ್ದೇನೆ. ಅಮ್ಮನಿದ್ದಿದ್ದರೆ ನಿನ್ನ ತಲೆ ಸವರುತ್ತಿದ್ದಳು. ಅವಳ ಪಾಲಿನದನ್ನೂ ನಾನೇ ಇಲ್ಲಿಂದ ಸವರಿದ್ದೇನೆ.

ನಿನ್ನ ಒಳ್ಳೆಯದನ್ನೇ ಬಯಸುವ,
ಅಣ್ಣ

ತಾ.ಕ.: ಅಕ್ಕನಿಗೆ ಬರೆಯಬೇಕಾದ ಉತ್ತರ ಇಷ್ಟೇ, ಹೆಚ್ಚು ಬೇಡ, ನಿನ್ನ ಕೈಬರಹದಲ್ಲೇ ಇರಲಿ: ‘ಎಲ್ಲಾ ಕಾರಿಗೂ ಎಣಿಸ್ಬೇಕು ಅಕ್ಕಾ. ನೀನು ಬೇಗ ಬೇಗ ಎಣಿಸಿರ್ತೀಯ.’ ಇನ್ನೊಂದು ವಿಷಯ. ದೊಡ್ಡಮ್ಮ ಈಗ ನಾಲ್ಕಕ್ಕೆ ಹಿಡಿಯುತ್ತಿಲ್ಲ, ಆರಾಗಿದೆ. ಗೋಡೆಯ ಅಕ್ಷರ ತಿದ್ದಿಸಬೇಕಿತ್ತು. ಆ ಸಾಲು ಕೆಳಗಡೆ ಇರುವುದರಿಂದ ಏಣಿ ಬೇಕಿಲ್ಲ, ಭಾವನಿಗೂ ಮನೆಯಲ್ಲಿ ಕೂತು ಬೇಸರ, ಅದಕ್ಕೇ ಇವತ್ತು ಬೆಳಿಗ್ಗೆ ಗಾಲಿಕುರ್ಚಿಯಲ್ಲಿ ಕರೆಸಿದ್ದೆ. ನಾಲ್ಕನ್ನು ಬಿಳಿ ಬಣ್ಣದಲ್ಲಿ ಮುಚ್ಚಿ ಆರು ಅಂತ ಬರೆದ. ಕೈ ಒಂಚೂರೂ ನಡುಗಿಲ್ಲ, ಅಕ್ಷರ ಮೊದಲಿಗಿಂತ ಚೆನ್ನಾಗಿದೆ. ಕುಂಚ ಒರೆಸುತ್ತ ಅದನ್ನೇ ನೋಡುತ್ತಿದ್ದು, ‘ಮೊದಲೇ ಆರು ಅಂತ ಬರೆದಿದ್ರೆ ನಾನು ಪಕ್ಕಕ್ಕೆ ಸರಿಯೋಕೆ ಟೈಮ್ ಸಿಗ್ತಿತ್ತು, ಅಲ್ವೇನೋ?’ ಅಂತ ಕೇಳಿದ. ‘ಹೌದು ಭಾವಾ’ ಅಂದೆ.